ಗಂಟಲು ಕಟ್ಟಿದ ಪ್ರವಾಸ

ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಟ್ರಂಕು ತೆರೆಯುವ ಕೆಲಸವೊಂದು ಇರುತ್ತದೆ. ಸ್ವೆಟರು, ಶಾಲು, ಕೌದಿಗಳನ್ನೆಲ್ಲ ಮಾಳಿಗೆಯ ಮೇಲೆ ಹರಡಿ, ನುಸಿಗುಳಿಗೆಯ ವಾಸನೆ ಹೋಗುವವರೆಗೆ ಬಿಸಿಲಿಗೆ ಬಿಡಬೇಕು. ಮೊನ್ನೆ ಹಾಗೆ ಹರಡುತ್ತಿದ್ದಾಗ ಒಂದು ಶಾಲಿನ ಮಡಿಕೆಯೊಳಗಿಂದ ಕಂದು ಬಣ್ಣದ ಮಂಕಿ ಟೋಪಿ ಬಿತ್ತು. ಗಂಡಸರ ಟೋಪಿ. ನೆರವಿಗೆ ಬಂದಿದ್ದ ನನ್ನ ಯಜಮಾನರು ಅದನ್ನು ಎತ್ತಿ ತಿರುಗಿಸಿ ನೋಡಿ, “ಇದ ಯಾರದ?” ಅಂದರು.

“ನಂದ,” ಅಂದೆ.

ಅವರು ಒಮ್ಮೆ ಟೋಪಿಯನ್ನು, ಒಮ್ಮೆ ನನ್ನ ಮುಖವನ್ನು ನೋಡಿ, ಹಗ್ಗದ ಮೇಲೆ ಹಾಕಿದರು. ಬಹಳ ವರ್ಷ ಸಂಸಾರ ಮಾಡಿದ ಗಂಡಸರು ಕೆಲವು ಪ್ರಶ್ನೆಗಳನ್ನು ಕೇಳುವುದಿಲ್ಲ. ನೀವು ಕೇಳಬಹುದು. ಅದಕ್ಕೇ ಹೇಳುತ್ತೇನೆ.

ನಮ್ಮದು ಪಾಲಬಾವಿ. ನಾನು ಓಣಿಯ ಹೆಂಗಸರ ಕುಪ್ಪಸ ಹೊಲಿಯುವವಳು. ಹೊಲಿಗೆ ಯಂತ್ರ ಪಡಸಾಲೆಯಲ್ಲಿದೆ. ಪಡಸಾಲೆಯ ಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತದೆ. ಅಳತೆ ಕೊಡಲು ಬಂದವರು ಅಳತೆ ಕೊಟ್ಟು ಸುಮ್ಮನೆ ಹೋಗುವುದಿಲ್ಲ. ಕೂತು, ನೀರು ಕುಡಿದು, ಹೇಳುವುದನ್ನೆಲ್ಲ ಹೇಳಿಯೇ ಏಳುತ್ತಾರೆ. ನನ್ನ ಕೈ ಯಂತ್ರದ ಮೇಲೆ, ಕಿವಿ ಅವರ ಮೇಲೆ. ಹೀಗಾಗಿ ನನಗೆ ಓಣಿಯಲ್ಲಿ ಒಂದು ಸ್ಥಾನ ಸಿಕ್ಕಿದೆ. ಎಲ್ಲರೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ, ವಯಸ್ಸಿನಲ್ಲಿ ನನಗಿಂತ ದೊಡ್ಡವರು ಕೂಡ.

ನಮ್ಮ ಮನೆಯ ಹಿಂದಿನ ಅಂಗಳಕ್ಕೆ ಹೊಂದಿ ಒಂದೇ ದೊಡ್ಡ ಮನೆ ಇತ್ತು. ಈಗ ಅದು ಎರಡು. ನಡುವೆ ಎದೆಯೆತ್ತರದ ಗೋಡೆ. ಆಚೆ ಹಿರಿಸೊಸೆ ನೀಲವ್ವ, ಈಚೆ ಕಿರಿಸೊಸೆ ಕಸ್ತೂರಿ. ಅಣ್ಣ ತಮ್ಮಂದಿರು ಕಬ್ಬಿನ ಹೊಲವನ್ನು ಜಗಳವಿಲ್ಲದೆ ಹಂಚಿಕೊಂಡರು. ಇವತ್ತಿಗೂ ಒಂದೇ ಬೈಕಿನ ಮೇಲೆ ಹಾರೂಗೇರಿ ಸಂತೆಗೆ ಹೋಗುತ್ತಾರೆ. ಮಾತು ಬಿಟ್ಟವರು ಹೆಂಗಸರು. ಅದೂ ಇವತ್ತು ನಿನ್ನೆಯದಲ್ಲ. ಕಸ್ತೂರಿಯ ಮಗಳು ಅಶ್ವಿನಿ ಆಗ ಇನ್ನೂ ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿಯುತ್ತಿದ್ದಳು. ಈಗ ಅವಳು ಬಿ.ಎಡ್. ಮುಗಿಸಿದ್ದಾಳೆ.

ಆದದ್ದು ಇಷ್ಟು. ಅತ್ತೆ ತೀರಿಕೊಂಡು, ದಿನಕರ್ಮದ ಊಟ ಮುಗಿದು, ಬೀಗರು ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ ನೀಲವ್ವ, “ಇನ್ನ ಮ್ಯಾಲೆ ಅವರವರ ಮನಿ ಅವರವರು ನೋಡ್ಕೋಬೇಕ,” ಅಂದಳು. ಕಸ್ತೂರಿ ಅದು ತನಗೇ ಅಂದದ್ದೆಂದು ತಿಳಿದಳು. ನೀಲವ್ವನಿಗೆ ಮಕ್ಕಳಿಲ್ಲ. ಅಶ್ವಿನಿ ಹುಟ್ಟಿದಾಗಿನಿಂದ ಮಲಗುತ್ತಿದ್ದದ್ದು ನೀಲವ್ವನ ಮಗ್ಗುಲಲ್ಲಿ, ಉಣ್ಣುತ್ತಿದ್ದದ್ದು ಅವಳ ಕೈತುತ್ತು. ಅವತ್ತು ಸಂಜೆ ಕಸ್ತೂರಿ ಬಂದು ಮಗಳ ಕೈ ಹಿಡಿದು ತನ್ನ ಕೋಣೆಗೆ ಕರೆದುಕೊಂಡು ಹೋದಳು. ಅಷ್ಟೇ. ಬೈಗುಳವಿಲ್ಲ, ಹೊಡೆದಾಟವಿಲ್ಲ. ಗೋಡೆ ಆಮೇಲೆ ಬಂತು. ಹುಡುಗಿಗೆ ಗೋಡೆ ಅಡ್ಡಿಯಾಗಲಿಲ್ಲ. ಅದನ್ನು ಹತ್ತಿ ಇಳಿದೇ ಬೆಳೆದಳು. ಆದರೆ ಇಬ್ಬರು ನೆಗೆಣ್ಣಿಯರು ಒಬ್ಬರಿಗೊಬ್ಬರು ಒಂದು ಮಾತು ಆಡಲಿಲ್ಲ.

ಮಾತು ಬಿಟ್ಟವರಿಗೂ ಮಾತಾಡುವ ಕೆಲಸಗಳಿರುತ್ತವೆ. ನಳದ ನೀರು ಬಂದಿದೆ, ಕಾಮಗಾರಿಯವರು ಬಂದಿದ್ದಾರೆ, ದನ ಹಗ್ಗ ಕಿತ್ತುಕೊಂಡಿದೆ. ಇಂಥವನ್ನೆಲ್ಲ ಇಬ್ಬರೂ ನನಗೆ ಹೇಳುತ್ತಿದ್ದರು. “ವೈನಿ, ಆಕೀಗಿ ಹೇಳ್ರಿ.” ನಾನು ಹೇಳುತ್ತಿದ್ದೆ. ಮಾತು ಖಾರವಾಗಿದ್ದರೆ ಒಂದಿಷ್ಟು ಬೆಲ್ಲ ಬೆರೆಸಿ ಹೇಳುತ್ತಿದ್ದೆ. ಆ ಕೆಲಸದಲ್ಲಿ ನಾನು ಪಳಗಿದ್ದೇನೆಂಬ ಹೆಮ್ಮೆಯೂ ನನಗಿತ್ತು ಅನ್ನಿ.

ಹೆಮ್ಮೆ ಪಡಲು ಕಾರಣವಿದೆ. ನನ್ನ ತವರು ತೆಲಸಂಗ. ಒಣಬೇಸಾಯದ ನಾಡು, ಸಜ್ಜೆ, ಜೋಳ, ಕುರಿ, ಕಾದ ಕಲ್ಲು. ಅಲ್ಲಿ ನಮ್ಮ ಅಜ್ಜಿ ಮತ್ತು ಅವಳ ನೆಗೆಣ್ಣಿ ಒಂದು ಇಡೀ ಬೇಸಿಗೆ ಮಾತು ಬಿಟ್ಟಿದ್ದರು. ಅವರ ನಡುವೆ ಇದ್ದದ್ದು ಒಂದು ಎಮ್ಮೆ. ಅಜ್ಜಿ ಎಮ್ಮೆಯ ಮೈ ತಿಕ್ಕುತ್ತ, “ಏನಬೇ, ಇವತ್ತ ಬ್ಯಾಳಿ ಬೇಯಿಸಾಕ ಯಾರಿಗರೇ ನೆನಪೈತೇನು?” ಎಂದು ಕೇಳುವಳು. ಒಳಗಿನಿಂದ ಸಣ್ಣಜ್ಜಿ, “ಎಮ್ಮೀಗಿ ಹೇಳ್ರಿ, ಬೆಂದ ತಾಸ ಆತು,” ಅನ್ನುವಳು. ಎಮ್ಮೆ ಮೆಲುಕು ಹಾಕುತ್ತ ನಿಂತಿರುತ್ತಿತ್ತು. ಹುಡುಗಿಯಾಗಿದ್ದ ನನಗೆ ಆ ಎಮ್ಮೆಗೆ ಎಲ್ಲ ತಿಳಿಯುತ್ತದೆ ಎಂದೇ ನಂಬಿಕೆ. ದೊಡ್ಡವಳಾಗಿ ಅದೇ ಕೆಲಸ ನನಗೆ ಬಂದಾಗ, ಕೊನೆಗೂ ನಾನೂ ಒಂದು ದರ್ಜೆಗೆ ಏರಿದೆ ಅನ್ನಿಸಿತು. ವ್ಯತ್ಯಾಸವೆಂದರೆ ಎಮ್ಮೆಗೆ ದಿನಾ ಹಿಂಡಿ ಸಿಗುತ್ತಿತ್ತು.

ಈಗ ಪ್ರವಾಸದ ವಿಷಯಕ್ಕೆ ಬರುತ್ತೇನೆ.

ನಮ್ಮ ಓಣಿಯಲ್ಲಿ ಹೆಂಗಸರ ಭಜನಾ ಮಂಡಳಿಯೊಂದಿದೆ. ಪ್ರತಿವರ್ಷ ಒಂದು ಪ್ರವಾಸ. ಅಲ್ಲಿಯವರೆಗೆ ಹೋದದ್ದೆಲ್ಲ ದೇವರ ಊರುಗಳಿಗೇ. ಸಾಲಿನಲ್ಲಿ ನಿಲ್ಲುವುದು, ದರ್ಶನ ಮಾಡುವುದು, ಬಳೆ ಕೊಳ್ಳುವುದು, ಗಾಡಿ ಹತ್ತುವುದು. ಹೋದ ವರ್ಷ ಗಣಪತಿ ಹಬ್ಬದಲ್ಲಿ ಓಣಿಯ ಎರಡೂ ತುದಿಗೆ ಎರಡು ಡಿಜೆ ನಿಂತು, ಒಂದರ ಹಾಡು ಇನ್ನೊಂದಕ್ಕೆ ಕೇಳದಂತೆ ಬಡಿದವು. ನಮ್ಮ ಮನೆಯ ಪಾತ್ರೆಗಳು ತಾವಾಗಿ ಗೋಡೆಯ ಹಲಗೆಯಿಂದ ಇಳಿದವು. ಗಣಪತಿಯನ್ನು ಕಳಿಸಿದ ಮೇಲೂ ನಮ್ಮ ಕಿವಿಯೊಳಗೆ ಅದು ನಿಲ್ಲಲಿಲ್ಲ. ಆಗ ಮಂಡಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿದ ಶೈಲಾ ಟೀಚರ್ ಒಂದು ಮಾತು ತೆಗೆದರು. ಅವರು ಹಾರೂಗೇರಿಯ ಶಾಲೆಯಲ್ಲಿ ಕಲಿಸುತ್ತಾರೆ. ಘಟ್ಟದ ಮೇಲೊಂದು ಹಳ್ಳಿ ಇದೆ, ಉಳಿಯಲು ಮನೆ ಕೊಡುತ್ತಾರೆ, ಈ ಸಲ ಅಲ್ಲಿಗೆ ಹೋಗೋಣ ಅಂದರು.

“ಅಲ್ಲಿ ಏನ ನೋಡೂದೈತ್ರಿ ಟೀಚರ?” ಯಾರೋ ಕೇಳಿದರು.

“ಏನೂ ಇಲ್ರಿ. ಗುಡ್ಡ, ಗಿಡ, ಮಂಜ. ಮನಸಿಗಿ ಶಾಂತಿ ಸಿಗತೈತಿ.”

“ಏನೂ ಇಲ್ದ ಊರಿಗಿ ಗಾಡಿ ಮಾಡ್ಕೊಂಡ ಹೋಗಬೇಕೇನ್ರಿ?”

“ಒಂದ ಸಣ್ಣ ಗುಡಿ ಐತಿ,” ಅಂದರು ಟೀಚರು, ಸೋತ ದನಿಯಲ್ಲಿ.

“ಮತ್ತ ಅದನ್ನ ಮೊದಲ ಹೇಳಬಾರದ?”

ಹೀಗೆ ಪ್ರವಾಸ ನಿಶ್ಚಯವಾಯಿತು. ಆ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವೂ ಹೋಗುತ್ತೀರಿ. ಆಮೇಲೆ ಅಲ್ಲಿರುವ ಶಾಂತಿಯ ಗತಿ ಏನಾದೀತೆಂದು ನಮ್ಮ ಮಂಡಳಿಯನ್ನು ನೋಡಿದವರಿಗೆ ಗೊತ್ತು. ಆಜರಾ ದಾಟಿ ಆಂಬೋಲಿಯ ಕಡೆ ಹೋಗುವ ದಾರಿಯಲ್ಲಿ ಎಲ್ಲೋ ಎಡಕ್ಕೆ ತಿರುಗಬೇಕು, ಅಷ್ಟೇ ಎಂದು ತಿಳಿಯಿರಿ.

ನೀಲವ್ವ ಮತ್ತು ಕಸ್ತೂರಿ ಇಬ್ಬರೂ ಮಂಡಳಿಯವರು. ಭಜನೆಯಲ್ಲಿ ಒಬ್ಬಳು ಈ ಗೋಡೆಗೆ, ಇನ್ನೊಬ್ಬಳು ಆ ಗೋಡೆಗೆ ಕೂತು ಒಂದೇ ಪಲ್ಲವಿ ಹಾಡುತ್ತಾರೆ. ಪ್ರವಾಸಕ್ಕೆ ಇಬ್ಬರಲ್ಲಿ ಒಬ್ಬಳು ಹಿಂದೆಗೆಯುತ್ತಾಳೆ ಎಂದು ನಾನು ತಿಳಿದಿದ್ದೆ. ನೀಲವ್ವ ಬಂದು, “ಆಕಿ ಬರತಾಳಂತ ನಾ ಯಾಕ ಬಿಡ್ಲಿ ವೈನಿ?” ಅಂದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಕಸ್ತೂರಿ ಬಂದು ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳಿದಳು.

ಆ ಹೊತ್ತಿಗೆ ಅವರ ನಡುವೆ ಇನ್ನೊಂದು ವಿಷಯ ಬಂದು ಕೂತಿತ್ತು. ಅಶ್ವಿನಿಯ ಮದುವೆ. ನಿಪ್ಪಾಣಿಯ ಕಡೆಯ ಹುಡುಗ, ಒಳ್ಳೆಯ ಮಂದಿ. ತುಳಸಿ ಲಗ್ನ ಆದ ಮೇಲೆ ಅಕ್ಕಿಕಾಳು ಹಾಕುವುದೆಂದು ಮಾತಾಗಿತ್ತು. ಕಸ್ತೂರಿ ನನ್ನ ಪಡಸಾಲೆಗೆ ಬಂದು, “ವೈನಿ, ಆಕೀಗಿ ಹೇಳ್ರಿ, ಲಗ್ನ ಐತಿ,” ಅಂದಳು. ನಾನು ಹೋಗಿ ಹೇಳಿದೆ. ನೀಲವ್ವ ಹಸುವಿಗೆ ಮೇವು ಹಾಕುತ್ತಿದ್ದವಳು ನನ್ನ ಕಡೆ ತಿರುಗದೆ, “ಗ್ವಾಡಿ ಕಟ್ಟಿದ ಮ್ಯಾಲೆ ನಾ ಹೊರಗಿನಾಕಿ. ಹೊರಗಿನವರನ್ನ ಬಾಯಿಂದ ಕರೀಬೇಕು. ಆಕಿ ಬಾಯಿಂದ ಕರೀಲಿ, ಬರತೀನಿ,” ಅಂದಳು.

ಈ ಮಾತಿಗೆ ಎಷ್ಟು ಬೆಲ್ಲ ಹಾಕಿದರೂ ಸಾಲುತ್ತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಕಸ್ತೂರಿಗೆ ಹೇಳಿದೆ. ಕಸ್ತೂರಿ ಕೂತಲ್ಲೇ ಸೆಟೆದಳು. “ಮನಿ ಮಂದೀನ ಯಾರರೇ ಕರೀತಾರೇನ್ರಿ? ಕೂಸಿನ ದೊಡ್ಡವ್ವ ಆಕಿ. ನಾ ಹೋಗಿ ಕುಂಕುಮ ಹಚ್ಚಿ ಕರದ್ರ ಆಕೀನ ಹೊರಗಿನಾಕಿ ಮಾಡಿದಂಗ ಆಗೂದಿಲ್ಲೇನು?”

ನೋಡಿ, ಇಬ್ಬರದೂ ಖರೆ. ಇಬ್ಬರದೂ ಖರೆ ಇದ್ದಾಗ ನಡುವಿನವರಿಗೆ ಕೆಲಸ ಉಳಿಯುವುದಿಲ್ಲ. ಅಶ್ವಿನಿ ಒಂದು ಸಂಜೆ ಕುಪ್ಪಸದ ಅಳತೆ ಕೊಡಲು ಬಂದವಳು, ನಾನು ಟೇಪು ಹಿಡಿದಿದ್ದಾಗಲೇ, “ವೈನಿ, ದೊಡ್ಡವ್ವ ಇಲ್ದ ನಾ ಅರಿಷಿಣ ಹಚ್ಚಿಸಿಕೊಳ್ಳೂದಿಲ್ಲ. ಇಬ್ಬರಿಗೂ ಹೇಳೀನಿ,” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗೆ ಸಿಟ್ಟಿಲ್ಲದೆ ಹೇಳುವ ಹುಡುಗಿಯರು ಹೇಳಿದಂತೆ ಮಾಡುತ್ತಾರೆ. ನನಗೆ ಹೆದರಿಕೆಯಾದದ್ದು ಆಗಲೇ. ಬೀಗರ ಮುಂದೆ ಮದುವೆ ಮುರಿದರೆ ಈ ಎರಡು ಮನೆ ಮತ್ತೆ ಎಂದೂ ಒಂದಾಗುವುದಿಲ್ಲ.

ಗಾಡಿ ಹೊರಟದ್ದು ನಸುಕಿನಲ್ಲಿ. ಕ್ರೂಸರ್ ಗಾಡಿ, ಮಂಡಳಿಯ ಅಷ್ಟೂ ಮಂದಿ, ಅವರ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ತಾಳದ ಚೀಲ. ನೀಲವ್ವ ಈ ಕಿಟಕಿಗೆ, ಕಸ್ತೂರಿ ಆ ಕಿಟಕಿಗೆ, ನಾನು ನಡುವೆ. “ವೈನಿ, ಆ ಕಡೀ ಕಿಟಕಿ ಹಾಕಾಕ ಹೇಳ್ರಿ, ಗಾಳಿ ಬರಾಕತ್ತೈತಿ.” “ವೈನಿ, ಗಾಳಿ ಇಲ್ಲಂದ್ರ ನನಗ ವಾಂತಿ ಬರತೈತಿ ಅಂತ ಹೇಳ್ರಿ.” ರಾಯಬಾಗದಿಂದ ಚಿಕ್ಕೋಡಿಯವರೆಗೆ ನಾನು ಆ ಕಿಟಕಿಯ ವ್ಯವಹಾರವನ್ನೇ ನೋಡಿಕೊಂಡೆ. ಚಿಕ್ಕೋಡಿ ದಾಟಿದ ಮೇಲೆ ಭಜನೆ ಶುರುವಾಯಿತು. ಕಿಟಕಿ ತೆರೆದೇ ಇತ್ತು. ನನಗೆ ಮೇಲಿನ ಸ್ಥಾಯಿಯಲ್ಲಿ ಹಾಡುವ ಹುಚ್ಚು. ನಿಪ್ಪಾಣಿಯಲ್ಲಿ ತಂಬಾಕಿನ ಗಾಟಿಗೆ ಒಮ್ಮೆ ಕೆಮ್ಮಿ, ಆಜರಾದಲ್ಲಿ ಬರ್ಫ ಹಾಕಿದ ಕೋಕಂ ಶರಬತ್ತು ಎರಡು ಗ್ಲಾಸು ಕುಡಿದು, ಮತ್ತೆ ಮೇಲಿನ ಸ್ಥಾಯಿಗೆ ಹೋದೆ. ಘಟ್ಟದ ದಾರಿಯಲ್ಲಿ ತಂಪು ಏರಿದಾಗ ಗಂಟಲೊಳಗೆ ಏನೋ ಗೀರಿದಂತಾಯಿತು. ದಾರಿಬದಿಯ ಅಂಗಡಿಯಲ್ಲಿ ಇದ್ದದ್ದು ಒಂದೇ ಬಗೆಯ ಟೋಪಿ. ಅದೇ ಈ ಮಂಕಿ ಟೋಪಿ. ಹಾಕಿಕೊಂಡೆ. ನನ್ನನ್ನು ನೋಡಿ ಮಂಡಳಿ ನಕ್ಕಿತು. ನೀಲವ್ವ ನಕ್ಕಳು, ಕಸ್ತೂರಿಯೂ ನಕ್ಕಳು. ಆ ಮಟ್ಟಿಗೆ ಟೋಪಿಯಿಂದ ಉಪಕಾರವಾಯಿತು.

ಹಳ್ಳಿ ಅಂದರೆ ಕೆಂಪು ಹಂಚಿನ ಕೆಲವು ಮನೆಗಳು, ಇಳುಕಲಿನಲ್ಲಿ ರಾಗಿಯ ಹೊಲ, ಮೇಲೆ ಕಾಡು. ಗಾಡಿಯ ಇಂಜಿನ್ ಆರಿಸಿದಾಗ ನಾವೆಲ್ಲ ಒಮ್ಮೆಲೇ ಸುಮ್ಮನಾದೆವು. ಏನೋ ಕೆಟ್ಟಿದೆ ಅನ್ನಿಸಿತು. ಸದ್ದೇ ಇಲ್ಲ. ಎಲ್ಲಿಂದಲೋ ನೀರು ಹನಿಯುವುದು, ಒಂದು ಹಕ್ಕಿ, ಮತ್ತೆ ಏನೂ ಇಲ್ಲ. ನಮ್ಮಲ್ಲೊಬ್ಬಳು ಮೆಲ್ಲಗೆ, “ಯಾರರೇ ತೀರಿಕೊಂಡಾರೇನು?” ಎಂದು ಕೇಳಿದಳು. ಮೊಬೈಲಿಗೆ ರೇಂಜ್ ಇಲ್ಲ ಎಂದು ತಿಳಿದಾಗ ಆ ಸಂಶಯ ಇನ್ನೂ ಗಟ್ಟಿಯಾಯಿತು.

ನಾವು ಉಳಿದುಕೊಂಡದ್ದು ಒಬ್ಬ ಮರಾಠಿ ಆಜಿಯ ಮನೆಯಲ್ಲಿ. ಆಜಿಗೆ ಕನ್ನಡ ಬಾರದು, ನಮಗೆಲ್ಲ ಮರಾಠಿ ಬರುತ್ತದೆ, ತೊಂದರೆಯಾಗಲಿಲ್ಲ. ಸಂಜೆ ಒಲೆಯ ಮುಂದೆ ರಾಗಿಯ ಭಾಕ್ರಿ ತಟ್ಟುತ್ತ ಆಜಿ, ಎದುರುಬದುರು ಕೂತಿದ್ದ ನೀಲವ್ವ ಮತ್ತು ಕಸ್ತೂರಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ತುಮ್ಹಿ ದೋಘಿ ಬಹಿಣಿ ಕಾ?” ಅಂದರು. ನೀವಿಬ್ಬರೂ ಅಕ್ಕತಂಗಿಯರೇ ಎಂದು.

“ಜಾವಾ,” ಅಂದರು ಇಬ್ಬರೂ, ಒಂದೇ ಉಸಿರಿಗೆ. ಮರಾಠಿಯಲ್ಲಿ ನೆಗೆಣ್ಣಿಯರಿಗೆ ಹಾಗೆನ್ನುತ್ತಾರೆ.

ಒಟ್ಟಿಗೆ ಬಾಯಿಬಿಟ್ಟದ್ದಕ್ಕೆ ಇಬ್ಬರಿಗೂ ಮುಜುಗರವಾಯಿತು. ಒಬ್ಬಳು ಒಲೆ ನೋಡಿದಳು, ಇನ್ನೊಬ್ಬಳು ಹಂಚು ನೋಡಿದಳು. ಆಜಿ ತಲೆಯಾಡಿಸಿ, ಒಂದೇ ಒಲೆಯ ಅನ್ನ ಉಂಡರೆ ಮುಖ ಹೋಲುತ್ತದೆ ಎಂದು ತಮ್ಮ ಭಾಷೆಯಲ್ಲಿ ಹೇಳಿ ಭಾಕ್ರಿ ತಿರುವಿದರು. ಒಲೆ ಬೇರೆಯಾಗಿ ಎಷ್ಟೋ ಕಾಲವಾಯಿತೆಂದು ಅವರಿಗೆ ಯಾರೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು ಬಾಯಿ ತೆರೆದರೆ ನನಗೆ ದನಿಯೇ ಇಲ್ಲ. ಹಳೆಯ ಸೈಕಲ್ ಪಂಪಿನಿಂದ ಬರುವಂಥ ಗಾಳಿ ಬಂತು, ಮಾತು ಬರಲಿಲ್ಲ. ಆಜಿ ಅರಿಷಿಣ, ಕಾಳುಮೆಣಸು ಹಾಕಿ ಏನೋ ಕುದಿಸಿ ಕೊಟ್ಟರು. ಮಾತಾಡಕೂಡದು ಎಂದು ಬೆರಳು ತೋರಿಸಿದರು. ಶೈಲಾ ಟೀಚರಿಗೆ ಸಂತೋಷವಾಯಿತು. ಶಾಂತಿಯ ಜಾಗದಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಮೌನವಾಗಿ ಕೂಡಬೇಕೆಂದು ಅವರು ಯೋಜನೆ ಹಾಕಿಕೊಂಡಿದ್ದರು. ನಾನು ಆಗಲೇ ಶುರುಮಾಡಿದ್ದೆ. ಉಳಿದವರು ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತರು. ಚಹಾ ಕುದಿಯುವ ವಾಸನೆ ಬರುವವರೆಗೆ ಮೌನ ಚೆನ್ನಾಗಿ ನಡೆಯಿತು.

ನನ್ನ ದನಿ ಹೋದದ್ದರಿಂದ ನಿಜವಾಗಿ ತೊಂದರೆಯಾದದ್ದು ನೆಗೆಣ್ಣಿಯರಿಗೆ. ನೀಲವ್ವನ ರೊಟ್ಟಿ ಕಸ್ತೂರಿಯ ಚೀಲದಲ್ಲಿ ಹೋಗಿತ್ತು. “ವೈನಿ, ಆಕೀಗಿ ಹೇಳ್ರಿ,” ಎಂದು ಶುರುಮಾಡಿದ ನೀಲವ್ವ, ನಾನು ಗಂಟಲು ತೋರಿಸಿದ ಮೇಲೆ ಅರ್ಧಕ್ಕೇ ನಿಂತಳು. ಕಸ್ತೂರಿಗೆ ಎಲ್ಲ ಕೇಳಿಸಿತ್ತು. ಆದರೆ ಕೇಳಿಸಿಕೊಂಡಂತೆ ತೋರಿಸುವುದು ನಿಯಮಕ್ಕೆ ವಿರುದ್ಧ. ಅವಳು ಚೀಲದ ಬಾಯಿ ತೆರೆದಿಟ್ಟು, ಎದ್ದು ಅಂಗಳಕ್ಕೆ ಹೋದಳು. ನೀಲವ್ವ ತಾನೇ ರೊಟ್ಟಿ ತೆಗೆದುಕೊಂಡಳು. ತೆಲಸಂಗದ ಎಮ್ಮೆ ನೆನಪಾಯಿತು. ಅದು ಬಾಯಿಬಿಡದೆಯೇ ಇಷ್ಟೆಲ್ಲ ಮಾಡುತ್ತಿತ್ತಲ್ಲ ಅನ್ನಿಸಿತು.

ಚಹಾ ಆದ ಮೇಲೆ ಆಜಿ, ಮೇಲೆ ಕಾಡಿನ ಅಂಚಿನಲ್ಲಿ ಒಂದು ಝರಿ ಇದೆ, ಅದರ ಪಕ್ಕದಲ್ಲೇ ಗುಡಿ, ಹೋಗಿ ಬನ್ನಿ ಅಂದರು. ಬಹಳ ಮಂದಿಗೆ ಮೊಣಕಾಲು ನೋವು. ಆಮೇಲೆ ಹೋಗೋಣ ಅಂದರು. ದೇವರೆಂದರೆ ನೀಲವ್ವನಿಗೆ ತಡೆಯಲಾಗದು, ಎದ್ದಳು. ಅವಳು ಎದ್ದದ್ದಕ್ಕೆ ಕಸ್ತೂರಿಯೂ ಎದ್ದಳು. ಇಬ್ಬರೇ ಹೋಗುವುದು ಸಾಧ್ಯವೇ ಇರಲಿಲ್ಲವಾದ್ದರಿಂದ ನಾನು ಟೋಪಿ ಹಾಕಿಕೊಂಡು ಎದ್ದೆ.

ಕಾಲುದಾರಿ. ಒಂದು ಬದಿಗೆ ಗುಡ್ಡದ ಮೈ, ಇನ್ನೊಂದು ಬದಿಗೆ ಇಳುಕಲು, ಅದರಾಚೆ ಏನಿದೆಯೋ ಕಾಣದು. ನೀಲವ್ವ ದನದ ಹಿಂದೆ ನಡೆದು ರೂಢಿಯಾದವಳು, ಸರಸರ ಮುಂದೆ ಹೋದಳು. ಅವಳಿಗೂ ನನಗೂ ನಡುವೆ ಒಂದಿಷ್ಟು ದೂರ, ನನಗೂ ಕಸ್ತೂರಿಗೂ ನಡುವೆ ಒಂದಿಷ್ಟು ದೂರ. ಹೀಗೆ ಮೂವರೂ ಮಾತಿಲ್ಲದೆ ಏರಿದೆವು. ಹುಲ್ಲಿನ ಮೇಲೆ ನೀರು ಕೂತಿತ್ತು. ಸಣ್ಣ ಹಳದಿ ಹೂಗಳಿದ್ದವು. ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಬಹಳ ಸುಖವಾಗಿತ್ತು. ಯಾರೂ ನನಗೆ ಏನೂ ಹೇಳುವಂತಿರಲಿಲ್ಲ. ನಾನೂ ಯಾರಿಗೂ ಏನೂ ಮುಟ್ಟಿಸಬೇಕಾಗಿರಲಿಲ್ಲ.

ಮಂಜು ಯಾವಾಗ ಬಂತೋ ತಿಳಿಯಲಿಲ್ಲ. ಮೇಲಿನಿಂದ ಇಳಿಯುತ್ತದೆ ಎಂದು ನಾನು ತಿಳಿದಿದ್ದೆ. ಅದು ಕೆಳಗಿನ ಕಣಿವೆಯಿಂದ ಎದ್ದು ಬಂತು. ಮೊದಲು ಇಳುಕಲು ಹೋಯಿತು, ಆಮೇಲೆ ಮರಗಳು ಹೋದವು, ಆಮೇಲೆ ನೀಲವ್ವನ ಹಸಿರು ಸೀರೆ ಹೋಯಿತು. ನಾನು ನಿಂತೆ. ಹಿಂದಿನಿಂದ ಬಂದ ಕಸ್ತೂರಿ ನನಗೆ ಬಡಿದು ನಿಂತಳು.

“ವೈನಿ, ಆಕಿ ಎಲ್ಲಿ?”

ನಾನು ಮುಂದೆ ಕೈ ತೋರಿಸಿದೆ. ಕೈಯ ತುದಿಯೇ ಸರಿಯಾಗಿ ಕಾಣುತ್ತಿರಲಿಲ್ಲ.

“ಕರೀರಿ ಆಕೀನ.”

ನಾನು ಬಾಯಿ ತೆರೆದೆ. ಗಾಳಿ ಬಂತು. ಕಸ್ತೂರಿಗೆ ಆಗ ನೆನಪಾಯಿತು. “ಚಪ್ಪಾಳಿ ಹೊಡೀರಿ,” ಅಂದಳು. ಹೊಡೆದೆ. ಆ ಒದ್ದೆ ಹತ್ತಿಯಂಥ ಮಂಜಿನಲ್ಲಿ ಚಪ್ಪಾಳೆಯ ಸದ್ದು ನನ್ನ ಅಂಗೈ ಬಿಟ್ಟು ಹೋಗಲಿಲ್ಲ. ಮುಂದಿನಿಂದ ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲೋ ಒಂದು ಕಲ್ಲು ಜಾರಿ, ಉರುಳುತ್ತ ಉರುಳುತ್ತ ಕೆಳಗೆ ಹೋದ ಸದ್ದು ಕೇಳಿಸಿತು. ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಕಸ್ತೂರಿ ನನ್ನ ತೋಳು ಹಿಡಿದಿದ್ದಳು. ಅವಳ ಉಗುರು ಸ್ವೆಟರಿನೊಳಗೆ ಇಳಿದದ್ದು ನನಗೆ ಗೊತ್ತಾಯಿತು.

“ಅಶ್ವಿನಿಯ ದೊಡ್ಡವ್ವಾ,” ಎಂದು ಕೂಗಿದಳು. ಅದು ಇನ್ನೂ ನಿಯಮದೊಳಗಿನ ಕರೆ. ಉತ್ತರ ಬರಲಿಲ್ಲ.

“ಅಕ್ಕಾ,” ಅಂದಳು. ಮೊದಲ ಸಲ ಮೆಲ್ಲಗೆ, ಗಂಟಲು ಸರಿಮಾಡಿಕೊಳ್ಳುವಂತೆ. ಆಮೇಲೆ ಇಡೀ ಗುಡ್ಡಕ್ಕೆ ಕೇಳುವಂತೆ. “ಅಕ್ಕಾ, ಎಲ್ಲಿದ್ದೀ?”

ಮಂಜಿನೊಳಗಿಂದ ದನಿ ಬಂತು. ನಾನು ತಿಳಿದದ್ದಕ್ಕಿಂತ ಬಹಳ ಹತ್ತಿರದಿಂದಲೇ.

“ಇಲ್ಲೇ ಅದೀನಿ. ನೀ ಮುಂದ ಬರಬ್ಯಾಡ. ಎಡಕ್ಕ ತಗ್ಗ ಐತಿ. ಅಲ್ಲೇ ನಿಂದರ.”

“ಬಿದ್ದೀಯೇನು?”

“ಇಲ್ಲ. ಕಲ್ಲ ಜಾರಿತು. ಗಿಡ ಹಿಡಕೊಂಡ ಕುಂತೀನಿ.”

“ನಾ ಬರತೀನಿ.”

“ಬ್ಯಾಡಂದ್ನಿ.”

“ನೀ ಮಾತಾಡಕೋಂತ ಇರ. ಎಲ್ಲಿದ್ದೀ ಅಂತ ನನಗ ಗೊತ್ತಾಗ್ಲಿ.”

“ಏನ ಮಾತಾಡ್ಲಿ?” ಎಂದಿತು ದನಿ.

“ಏನರೇ.”

ಯೋಚಿಸಿ ನೋಡಿ. ಇಷ್ಟು ವರ್ಷ ಮಾತಾಡದವಳಿಗೆ ಈಗ ನಿಲ್ಲಿಸದೆ ಮಾತಾಡು ಎನ್ನುತ್ತಿದ್ದಾರೆ. ನೀಲವ್ವ ಏನು ಹೇಳಿಯಾಳು ಎಂದು ನಾನು ಟೋಪಿಯನ್ನು ಕಿವಿಯಿಂದ ಮೇಲೆ ಸರಿಸಿಕೊಂಡೆ.

“ನಮ್ಮ ಆಕಳ ಈದೈತಿ,” ಅಂದಳು ನೀಲವ್ವ.

“ಗೊತ್ತೈತಿ,” ಅಂದಳು ಕಸ್ತೂರಿ, ಗುಡ್ಡದ ಮೈಗೆ ಕೈ ಊರಿ ಒಂದು ಹೆಜ್ಜೆ ಇಡುತ್ತ.

“ಹೋರಿಗರ.”

“ಗೊತ್ತೈತಿ. ಗ್ವಾಡಿ ಮ್ಯಾಲಿಂದ ನೋಡೀನಿ.”

“ಗಿಣ್ಣ ಮಾಡಿ ಕೂಸಿನ ಕೈಯಾಗ ಕಳಿಸಿದ್ದೆ. ತಿಂದೇನು?”

“ತಿಂದ್ನಿ.”

“ಹೆಂಗಾಗಿತ್ತು?”

“ಸಿಹಿ ಸ್ವಲ್ಪ ಕಡಿಮಿ ಆಗಿತ್ತ.”

“ಕಡಿಮಿ ಎಲ್ಲಿಂದ ಆಗತೈತಿ? ಕೈತುಂಬ ಬೆಲ್ಲ ಹಾಕೀನಿ,” ಅಂದಳು ನೀಲವ್ವ. ಆ ಮಾತು ಮುಗಿಯುವ ಹೊತ್ತಿಗೆ ಕಸ್ತೂರಿಯ ಕೈಗೆ ಅವಳ ಸೆರಗು ಸಿಕ್ಕಿತ್ತು.

ಅವಳು ಕೂತಿದ್ದದ್ದು ದಾರಿಯಿಂದ ಒಂದು ಮೊಳ ಕೆಳಗೆ, ಒಂದು ಗಿಡದ ಬುಡ ಹಿಡಿದು. ನಾನೂ ಹಿಂದೆ ಬಂದು, ಇಬ್ಬರೂ ಸೇರಿ ಎಳೆದೆವು. ಬಂದಳು. ಒಂದು ಚಪ್ಪಲಿ ಕೆಳಗೆ ಹೋಗಿತ್ತು, ಮೊಣಕೈ ತರಚಿತ್ತು, ಅಷ್ಟೇ. ಮಂಜು ಹಗುರಾಗುವವರೆಗೆ ಕದಲಕೂಡದೆಂದು ಮೂವರೂ ದಾರಿಯ ಬದಿಗೆ ಒಂದು ಬಂಡೆಗೆ ಬೆನ್ನು ಕೊಟ್ಟು ಕೂತೆವು. ಎಲ್ಲೋ ಹತ್ತಿರದಲ್ಲೇ ಝರಿಯ ಸದ್ದು ಕೇಳುತ್ತಿತ್ತು. ಕಸ್ತೂರಿ ತನ್ನ ಸೆರಗಿನಿಂದ ಅವಳ ಮೊಣಕೈ ಒರೆಸಿದಳು. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿಕೊಂಡು ಕೂತರು. ಮತ್ತೆ ನಿಯಮ ಜಾರಿಗೆ ಬಂತೇನೋ ಎಂದು ನಾನು ಯೋಚಿಸುತ್ತಿದ್ದೆ.

“ಆವತ್ತ ನಾ ಅಂದದ್ದ ಗಂಡಸರಿಗಿ,” ಅಂದಳು ನೀಲವ್ವ. “ಅಣ್ಣ ತಮ್ಮ ಇಬ್ಬರೂ ಮನಿ ಕಡೆ ಲಕ್ಷ್ಯ ಕೊಡವಲ್ಲರಾಗಿದ್ರು. ನಿನಗಲ್ಲ.”

“ಮತ್ತ ಆವತ್ತ ಹೇಳಬೇಕಾಗಿತ್ತಲ್ಲ.”

“ನೀ ಕೂಸಿನ ಕೈ ಹಿಡಕೊಂಡ ಹೋದಿ. ಯಾರಿಗಿ ಹೇಳ್ಲಿ?”

ಕಸ್ತೂರಿ ಹುಲ್ಲಿನ ಎಳೆ ಕಿತ್ತು ಕಿತ್ತು ಹಾಕುತ್ತಿದ್ದಳು. ಆಮೇಲೆ, “ಕೂಸ ಆವತ್ತ ರಾತ್ರಿ ನಿದ್ದಿ ಮಾಡ್ಲಿಲ್ಲ,” ಅಂದಳು.

“ನಾನೂ ಮಾಡ್ಲಿಲ್ಲ.”

ಇಂಥ ಹೊತ್ತಿನಲ್ಲಿ ನಡುವೆ ಕೂತವರು ಏನಾದರೂ ಒಳ್ಳೆಯ ಮಾತು ಹೇಳಬೇಕೆನ್ನುವುದು ಲೋಕರೂಢಿ. ನನ್ನ ಹತ್ತಿರ ಎರಡು ಮೂರು ಮಾತು ತಯಾರೂ ಇದ್ದವು. ದೇವರು ದೊಡ್ಡವನು, ನನಗೆ ದನಿ ಇರಲಿಲ್ಲ. ಅವರು ಅತ್ತರೋ ಇಲ್ಲವೋ ನಾನು ನೋಡಲಿಲ್ಲ. ಮಂಜಿನಲ್ಲಿ ಎಲ್ಲರ ಮುಖವೂ ಒದ್ದೆಯಾಗಿಯೇ ಇರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ನೀಲವ್ವ ರೂಢಿಯಂತೆ ನನ್ನ ಕಡೆ ತಿರುಗಿದಳು.

“ವೈನಿ, ಆಕಿ ಬಾಯಿಂದ ಕರದಾಳ. ಕೇಳೀರಿಲ್ಲ? ಇನ್ನ ನಾ ಲಗ್ನಕ್ಕ ಬರಬೇಕಾಗತೈತಿ.”

ನಾನು ತಲೆಯಾಡಿಸಿದೆ.

“ನಾ ಯಾವಾಗ ಕರದ್ನಿ?” ಅಂದಳು ಕಸ್ತೂರಿ. “ಕಾಣವಲ್ಲಿ ಅಂತ ಕೂಗಿನಿ. ಮನಿ ಮಂದೀನ ಲಗ್ನಕ್ಕ ಯಾರೂ ಕರಿಯೂದಿಲ್ಲ.”

“ಹಂಗ ಅಂದ್ರ ಹಂಗ,” ಅಂದಳು ನೀಲವ್ವ.

ಮಂಜು ತೆಳುವಾಯಿತು. ನೋಡಿದರೆ ಗುಡಿ ನಾವು ಕೂತಲ್ಲಿಂದ ಕೂಗಳತೆ ಕೂಡ ಇರಲಿಲ್ಲ. ಮೂರು ಕಲ್ಲು, ಮೇಲೊಂದು ಚಪ್ಪಡಿ, ಒಳಗೆ ಕುಂಕುಮ ಬಡಿದ ದುಂಡು ದೇವರು. ನೀಲವ್ವ ಒಂದೇ ಚಪ್ಪಲಿಯಲ್ಲಿ ಬಂದದ್ದರ ಸಲುವಾಗಿ ದೇವರ ಹತ್ತಿರ ತಪ್ಪು ಬೇಡಿಕೊಂಡಳು. ಕಸ್ತೂರಿ ತನ್ನ ಚಪ್ಪಲಿ ಬಿಚ್ಚಿ ಅವಳ ಮುಂದಿಟ್ಟಳು. “ನಿನ್ನ ಚಪ್ಪಲ ನನಗ ಆಗೂದಿಲ್ಲ, ನಿನ್ನ ಕಾಲ ಸಣ್ಣವ,” ಅಂದಳು ನೀಲವ್ವ. ಕೊನೆಗೆ ಇಬ್ಬರೂ ಬರಿಗಾಲಲ್ಲಿ ಇಳಿದರು. ನಾನು ಹಿಂದೆ ಹಿಂದೆ ಬಂದೆ.

ಊರು ಮುಟ್ಟುವವರೆಗೂ ಅವರಿಬ್ಬರ ಮಾತು ನಿಲ್ಲಲಿಲ್ಲ. ಅತ್ತೆಯ ಕಡೆಗಾಲ, ಹುಡುಗಿಯ ಕಿವಿ ಚುಚ್ಚಿಸಿದ್ದು, ಯಾವುದೋ ಲಗ್ನದಲ್ಲಿ ಯಾರೋ ಉಟ್ಟ ಸೀರೆ, ಎಲ್ಲ ಬಾಕಿಯೂ ಒಟ್ಟಿಗೆ ಹೊರಬಂತು. ಮಂಡಳಿಯ ಉಳಿದವರು ಮೊದಲು ಬೆರಗಾದರು, ಆಮೇಲೆ ಸಂತೋಷಪಟ್ಟರು, ಗಾಡಿ ನಿಪ್ಪಾಣಿ ಮುಟ್ಟುವ ಹೊತ್ತಿಗೆ ಅವರಿಗೆ ತಲೆನೋವು ಬಂತು. ಶೈಲಾ ಟೀಚರ್ ಮಾತ್ರ ಪ್ರವಾಸದಲ್ಲಿ ಎಲ್ಲರಿಗೂ ಶಾಂತಿ ಸಿಕ್ಕಿತೆಂದು ಎಣಿಸಿ ಸಮಾಧಾನವಾಗಿದ್ದರು. ನೆಗೆಣ್ಣಿಯರಿಬ್ಬರೂ ಒಂದೇ ಕಿಟಕಿಗೆ ಹೋಗಿ ಕೂತಿದ್ದರಿಂದ ನನಗೆ ಇನ್ನೊಂದು ಕಿಟಕಿ ಸಿಕ್ಕಿತು. ಘಟ್ಟ ಇಳಿದು ಬಯಲು ಬರುವುದನ್ನು, ರಾಗಿ ಹೋಗಿ ಕಬ್ಬು ಬರುವುದನ್ನು ನೋಡುತ್ತ ಬಂದೆ.

ಊರಿಗೆ ಬಂದ ಮೇಲೆ ನನ್ನ ದನಿ ಮರಳಿತು. ಮೊದಮೊದಲು ಸ್ವಲ್ಪ ಖಾಲಿ ಖಾಲಿ ಅನ್ನಿಸಿದ್ದು ನಿಜ. ಮಧ್ಯಾಹ್ನ ಯಂತ್ರದ ಮುಂದೆ ಕೂತಾಗ ಯಾರಾದರೂ “ಆಕೀಗಿ ಹೇಳ್ರಿ” ಅನ್ನುತ್ತಾರೇನೋ ಎಂದು ಕಿವಿ ಕಾಯುತ್ತಿತ್ತು. ಯಾರೂ ಅನ್ನಲಿಲ್ಲ. ಗೋಡೆ ಇದ್ದಲ್ಲೇ ಇತ್ತು. ಅದರ ಮೇಲಿಂದ ಮಾತು ಹೋಗಿ ಬರುತ್ತಿತ್ತು.

ಮದುವೆಯ ಮುನ್ನಾದಿನ ಮಧ್ಯಾಹ್ನ ಅರಿಷಿಣ ಹಚ್ಚುವ ಕಾರ್ಯ. ಎರಡೂ ಅಂಗಳಕ್ಕೆ ಒಂದೇ ಮಂಟಪ ಹಾಕಿದ್ದರು. ನಾನು ಅಶ್ವಿನಿಯ ಹೊಸ ಕುಪ್ಪಸಗಳನ್ನು ಕೊಡಲು ಹೋದರೆ ನಡುಮನೆಯಲ್ಲಿ ಜಗಳ ಹತ್ತಿತ್ತು. ಬೀಗರ ಊಟಕ್ಕೆ ಹೋಳಿಗೆಯೋ ಗೋಧಿ ಹುಗ್ಗಿಯೋ ಎಂಬ ಮಾತಿನಿಂದ ಶುರುವಾದದ್ದು, ಯಾರ ತವರಿನಲ್ಲಿ ಯಾರಿಗೆ ಅಡಿಗೆ ಬರುತ್ತದೆ ಎಂಬಲ್ಲಿಗೆ ಮುಟ್ಟಿತ್ತು. ನೀಲವ್ವನ ಕೈಯಲ್ಲಿ ಲಟ್ಟಣಿಗೆ, ಕಸ್ತೂರಿಯ ಕೈಯಲ್ಲಿ ಸೌಟು. ನಡುವೆ ಮಣೆಯ ಮೇಲೆ ಅಶ್ವಿನಿ, ಕೆನ್ನೆಗೆ ಅರಿಷಿಣ ಹಚ್ಚಿಕೊಂಡು, ನಗು ತಡೆಯಲು ತುಟಿ ಕಚ್ಚಿ ಕೂತಿದ್ದಳು.

ನನ್ನ ಹಳೆಯ ಅಭ್ಯಾಸ ಎಚ್ಚರವಾಯಿತು. ಗಂಟಲು ಸರಿಮಾಡಿಕೊಂಡು, “ಕಸ್ತೂರಿ, ನೀಲವ್ವ ಏನ ಅನ್ನಾಕತ್ತಾಳ ಅಂದ್ರ...” ಎಂದು ಶುರುಮಾಡಿದೆ.

ಇಬ್ಬರೂ ತಿರುಗಿದರು.

“ವೈನಿ, ನೀವ ಸುಮ್ನ ಕುಂದರ್ರಿ,” ಅಂದಳು ಕಸ್ತೂರಿ.

“ನಮ್ಮಿಬ್ಬರ ನಡುವ ಯಾರೂ ಬರೂದ ಬ್ಯಾಡ,” ಅಂದಳು ನೀಲವ್ವ. ಹಾಗೆ ಹೇಳಿ ಇಬ್ಬರೂ ಮತ್ತೆ ಜಗಳವನ್ನು ಬಿಟ್ಟಲ್ಲಿಂದ ಹಿಡಿದುಕೊಂಡರು.

ನಾನು ಕುಪ್ಪಸಗಳನ್ನು ಹುಡುಗಿಯ ಮಡಿಲಲ್ಲಿಟ್ಟು ಮನೆಗೆ ಬಂದೆ. ಪಡಸಾಲೆಯ ಬಾಗಿಲು ಮುಂದಕ್ಕೆಳೆದು, ಹೊರಸಿನ ಮೇಲೆ ಕಾಲು ಚಾಚಿದೆ. ಹಿತ್ತಲಿನಿಂದ ಅವರ ದನಿ ಒಂದರ ಮೇಲೊಂದು ಬರುತ್ತಿತ್ತು, ಚೆನ್ನಾಗಿ ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ. ಹೋಳಿಗೆ ಗೆಲ್ಲುತ್ತದೋ ಹುಗ್ಗಿ ಗೆಲ್ಲುತ್ತದೋ ಕೇಳಬೇಕೆಂದು ಸ್ವಲ್ಪ ಹೊತ್ತು ಕಿವಿಗೊಟ್ಟೆ. ಯಾವ ಮಾತು ಯಾರದೆಂದು ಬೇರೆ ಮಾಡುವ ಗೊಡವೆ ನನಗಿರಲಿಲ್ಲ. ಹಾಗೇ ನಿದ್ದೆ ಬಂತು.